ಕೆನ್ನೆಪಟ್ಟಿ

ದುಡ್ಡು ಒಂದಕ್ಕೇ ಇದ್ದದ್ದು.
ಕಬ್ಬಿಣದ ಪೆಟ್ಟಿಗೆಯಲ್ಲಿ ಜಾಗ ನಾಲ್ಕಕ್ಕಿತ್ತು, ಆ ಮಾತು ಬೇರೆ.

ಹಾರ್ಶಮ್ ಪೇಟೆಯಲ್ಲಿ, ಟ್ರ್ಯಾಕ್ಟರ್ ಟೈರಿನಂಗಡಿಯ ಪಕ್ಕ,
ಮರ್ವಿನ್ ಟ್ರೆಗೋವನ್ ಹಸಿರು ಬಟ್ಟೆ ಹಾಸಿ
ಒಂದೊಂದೇ ಕೋವಿ ಮಲಗಿಸಿದ, ಸೂಲಗಿತ್ತಿಯ ಹಾಗೆ.
"ಯಾರಿಗೆ?" ಅಂದ.
"ನನಗೆ" ಅಂದೆವು ಇಬ್ಬರೂ.

ನನಗೆ ಬೇಕಾದ್ದು ಭಾರ.
ಭಾನುವಾರ ಟ್ರ್ಯಾಪಿನ ಸಾಲಿನಲ್ಲಿ ನಿಂತಾಗ
ಎದುರಿನ ಗುಂಡಿಯಿಂದ ಚಿಮ್ಮಿದ ಕಿತ್ತಳೆ ಬಿಲ್ಲೆ
ಏರುತ್ತ, ದೂರವಾಗುತ್ತ, ಇನ್ನೂ ಏರುತ್ತ ಹೋಗುತ್ತದಲ್ಲ,
ಅದರ ಹಿಂದೆ ಉದ್ದ ನಳಿಗೆ ತನ್ನ ತೂಕದಲ್ಲೇ ತೇಲಬೇಕು.
ಚರೆ ತುಸು ಮೇಲಕ್ಕೇ ಬೀಳಬೇಕು.

ಮೊದಲ ದಿನ "ಪುಲ್" ಅನ್ನಲು ಹೋಗಿ
ಬಾಯಿಂದ "ಬಿಡು!" ಬಂದಿತ್ತು.
ಬಿಲ್ಲೆ ಬಂತು. ಮೈಕಿಗೆ ಸದ್ದು ಸಾಕು,
ಭಾಷೆಯ ಹಂಗಿಲ್ಲ. ಇವತ್ತಿಗೂ ಬಿಡು ಅನ್ನುತ್ತೇನೆ.

ಗಾರ್ತ್‌ಗೆ ಬೇಕಾದ್ದು ಹಗುರ.
ಏಪ್ರಿಲ್ ಬಂತೆಂದರೆ ಗೋಧಿಯ ಕೂಳೆಯಲ್ಲಿ
ನಾಯಿಯ ಹಿಂದೆ ಹನ್ನೆರಡು ಕಿಲೋಮೀಟರ್ ನಡಿಗೆ.
ಬುರ್ಲಿ ಯಾರು ಕೂಗಿದರೂ ಬರುವುದಿಲ್ಲ;
ಬೂಟಿನ ಬುಡದಿಂದಲೇ ಬುರ್ರೆಂದು ಎದ್ದು
ಮೊಳಕಾಲೆತ್ತರದಲ್ಲಿ ಓರೆಯಾಗಿ ಓಡುತ್ತದೆ.
ನೆಟ್ಟಗೆ ನೋಡಿದಲ್ಲಿಗೆ ಹೊಡೆವ ಗಿಡ್ಡ ಕೋವಿ ಸಾಕು ಅವನಿಗೆ.

ಮರ್ವಿನ್ ಕನ್ನಡಕ ಒರೆಸಿಕೊಂಡ:
"ಎರಡಕ್ಕೂ ಆಗುವ ಕೋವಿ ಅಂದರೆ
ಎರಡಕ್ಕೂ ಕೊಂಚ ಆಗದ ಕೋವಿ.
ಬೇಕಾದರೆ ತೋರಿಸುತ್ತೇನೆ."

ಸ್ಟಾವೆಲ್‌ನ ದಂತವೈದ್ಯನೊಬ್ಬ ಮಾರಿಹೋದದ್ದು.
ಮೇಲೊಂದು ಕೆಳಗೊಂದು ನಳಿಗೆ, ಮೂವತ್ತು ಅಂಗುಲ.
ಬಾಯಿಗೆ ತಿರುಗಿಸಿ ಕೂರಿಸುವ ಐದು ಚೋಕು,
ಒಂದು ಕಳೆದಿತ್ತು, ಅದಕ್ಕೆ ನಲವತ್ತು ಡಾಲರ್ ಬಿಟ್ಟ.
ಹಿಡಿಯ ಮೇಲೆ ಏರಿಸಿ ಇಳಿಸಬಹುದಾದ ಕೆನ್ನೆಪಟ್ಟಿ,
ಎರಡು ತಿರುಪು, ಒಂದು ಪುಟ್ಟ ಕೀಲಿ.
ಏರಿಸಿದರೆ ಗುಂಡು ಮೇಲೆ, ಇಳಿಸಿದರೆ ನೇರ.
ಕಾಗದ ಗಾರ್ತ್ ಹೆಸರಿಗಾಯಿತು,
ಲೈಸೆನ್ಸು ಇಬ್ಬರಿಗೂ ಇದ್ದೇ ಇತ್ತು.

ಉಗುರಿನ ಬಣ್ಣದಲ್ಲಿ ಗೆರೆ ಎಳೆದೆ ಕಂಬಿಯ ಮೇಲೆ:
ಕೆಂಪು ನನ್ನದು,
ಅವನದಕ್ಕೆ ಮದುವೆಗೆ ಕೊಂಡ ಗುಲಾಬಿ, ಗಟ್ಟಿಯಾಗಿತ್ತು,
ಎರಡು ಹನಿ ಥಿನ್ನರ್ ಹಾಕಿ ಕಲಕಬೇಕಾಯಿತು.

ಬೇಟೆಯ ಮೊದಲ ಶನಿವಾರ
ನಸುಕಿಗೇ ಹೋದವನು ಹತ್ತಕ್ಕೆ ಬಂದ.
ಚೀಲ ಖಾಲಿ. ನಾಯಿ ನನ್ನ ಮುಖ ನೋಡಲಿಲ್ಲ, ಅವನದೂ ನೋಡಲಿಲ್ಲ.
ಹದಿನೇಳು ಈಡು, ಎಲ್ಲವೂ ಹಕ್ಕಿಯ ಮೇಲಿಂದ ಹಾರಿ
ಪಕ್ಕದವರ ಬೇಲಿಗೆ.
ಕೋವಿಯನ್ನು ಮೇಜಿನ ಮೇಲಿಟ್ಟ. ಪಟ್ಟಿ ಕೆಂಪು ಗೆರೆಯಲ್ಲಿತ್ತು.
"ಇಳಿಸಲು ಮರೆತೆ," ಅಂದೆ.
ಮರೆತದ್ದು ನಿಜವೇ.
ಶುಕ್ರವಾರ ರಾತ್ರಿ ಕೀಲಿ ಕೈಯಲ್ಲೇ ಇತ್ತು,
ಆಚೆ ಹೊಲದಲ್ಲಿ ಬುರ್ಲಿ ಕೂಗುತ್ತಿತ್ತು, ಮೂರು ಸಲ,
ಯಾವುದೋ ಲೆಕ್ಕ ಒಪ್ಪಿಸುವಂತೆ. ಆಮೇಲೆ ಮರೆತೆ.

ಮರುದಿನ ಟ್ರ್ಯಾಪಿನಲ್ಲಿ ಇಪ್ಪತ್ತೈದಕ್ಕೆ ಹದಿನಾಲ್ಕು.
ಬಿಲ್ಲೆಗಳು ಇಡಿಯಾಗಿ ಹುಲ್ಲಿನಲ್ಲಿ ಇಳಿದು ಕೂತವು.
ಪಟ್ಟಿ ಗುಲಾಬಿಯಲ್ಲಿತ್ತು.
ಗಾರ್ತ್ ಚಹಾದ ಲೋಟದೊಳಗೆ ಹೇಳಿದ: "ನಾನೂ ಮರೆತೆ."
ನಗು ಮೊದಲು ಯಾರಿಗೆ ಬಂತೋ,
ಪಕ್ಕದ ಬೆಂಚಿನ ಡೊರೀನ್ ತಿರುಗಿ ನೋಡಿದಳು.

ಈಗ ಪಟ್ಟಿ ನಡುವೆ ನಿಂತಿದೆ, ಗೆರೆಯಿಲ್ಲದ ಕಡೆ.
ನಾನು ಬಿಲ್ಲೆಯನ್ನು ನಳಿಗೆಯಿಂದ ಪೂರಾ ಮುಚ್ಚಿ ಹೊಡೆಯುತ್ತೇನೆ,
ಕಣ್ಣಿಗೆ ಕಾಣದ್ದನ್ನು.
ಅವನು ಹಕ್ಕಿಯನ್ನು ಕಣ್ಣೆದುರೇ ಬಿಟ್ಟು ಅದರಡಿಗೆ ಹಿಡಿಯುತ್ತಾನಂತೆ.
ನನಗೆ ಇಪ್ಪತ್ತೊಂದರ ಮೇಲೆ ಏರಿಲ್ಲ.
ಅವನು ತಂದದ್ದು ಮೂರು, ನಾಲ್ಕು; ಒಮ್ಮೆ ಒಂದೇ.

ಆ ಒಂದನ್ನು ನಾನೇ ಪುಕ್ಕ ತರಿದು ಬಾಣಲೆಗಿಟ್ಟೆ.
ಕೀಲಿ ಎಲ್ಲಿ ಹೋಯಿತೆಂದು
ಇಬ್ಬರೂ ಕೇಳಿಲ್ಲ.